ತಂದೆಯ ಯೆಜ್ಡಿಯನ್ನು ಮತ್ತೆ ರಸ್ತೆಗಿಳಿಸಬಹುದೇ?

ಓದುಗರ ಪ್ರಶ್ನೆ: ನಾನು ಗುಳೇದಗುಡ್ಡದವನು, ವಯಸ್ಸು 57, ಪ್ರೌಢಶಾಲಾ ಶಿಕ್ಷಕ. ತಂದೆಯವರು ಖಣದ (ರವಿಕೆ ಬಟ್ಟೆಯ) ವ್ಯಾಪಾರಿ. 1986ರಲ್ಲಿ ಹೊಸ ಯೆಜ್ಡಿ ರೋಡ್‌ಕಿಂಗ್ ಬೈಕ್ ಕೊಂಡು, ಹಿಂದೆ ಖಣದ ಗಂಟು ಕಟ್ಟಿಕೊಂಡು ಬಾದಾಮಿ, ಇಳಕಲ್ಲು, ವಿಜಯಪುರದವರೆಗೂ ಹೋಗುತ್ತಿದ್ದರು. ನಾನು ಗಾಡಿ ಕಲಿತದ್ದೂ ಅದರ ಮೇಲೆಯೇ. ಆಮೇಲೆ ನನ್ನ ಸಂಬಳದಲ್ಲಿ ಆರ್‌ಎಕ್ಸ್ 100 ತೆಗೆದುಕೊಂಡೆ, ಮದುವೆಯಾದ ಮೇಲೆ ಹೀರೊ ಹೋಂಡಾ ಸಿಡಿ 100, ಈಗ ಸ್ಪ್ಲೆಂಡರ್. ಯಾವುದನ್ನು ಮಾರಿದಾಗಲೂ ಅಷ್ಟು ಬೇಸರವಾಗಲಿಲ್ಲ. ತಂದೆ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅಂದಿನಿಂದ ಯೆಜ್ಡಿ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಂತಿದೆ. ಕಿಕ್ ಅಲುಗುವುದಿಲ್ಲ. ಒಬ್ಬ ಮೆಕ್ಯಾನಿಕ್ "ಡೀಸೆಲ್ ಸುರಿದು ಗಾಡಿ ಎಳೆದರೆ ಬಿಟ್ಟುಕೊಳ್ಳುತ್ತದೆ" ಎನ್ನುತ್ತಾನೆ. ಇನ್ನೊಬ್ಬ ಬೇರೆ ಎಂಜಿನ್ ಕೂರಿಸೋಣ ಎನ್ನುತ್ತಾನೆ. ಹದಿನೈದು ವರ್ಷ ದಾಟಿದ ಗಾಡಿ ಓಡಿಸುವಂತಿಲ್ಲ ಎಂದು ನೆರೆಯವರು ಹೇಳುತ್ತಾರೆ. ಎಥೆನಾಲ್ ಪೆಟ್ರೋಲಿಗೆ ಎಂಜಿನ್ ಸುಟ್ಟುಹೋಗುತ್ತದೆ ಎಂದೂ ಕೇಳಿದ್ದೇನೆ. ಒಳ್ಳೆಯ ಬೆಲೆ ಬಂದಿದೆ, ಮಾರಿಬಿಡೋಣ ಎಂಬುದು ಮಗನ ಮಾತು. ಆರ್‌ಸಿ ಇನ್ನೂ ತಂದೆಯ ಹೆಸರಿನಲ್ಲೇ ಇದೆ. ನನಗೆ ಅದನ್ನು ಇನ್ನೊಮ್ಮೆ ಓಡಿಸುವ ಆಸೆ. ಏನು ಮಾಡಲಿ? ಅದು ಆಗ ಓಡುತ್ತಿದ್ದಂತೆಯೇ ಓಡೀತೇ?

ಉತ್ತರ:

ಮಾನ್ಯರೇ,

ಎಂಜಿನ್ ಉಳಿದಿದೆಯೇ, ಕಾನೂನು ಒಪ್ಪುತ್ತದೆಯೇ, ಇಂದಿನ ಪೆಟ್ರೋಲ್ ಆಗಿಬರುತ್ತದೆಯೇ, ಮಾರುವುದೇ ಲೇಸೇ ಎಂಬ ನಾಲ್ಕು ಚಿಂತೆಗಳನ್ನು ನೀವು ಮುಂದಿಟ್ಟಿದ್ದೀರಿ. ಆದರೆ ಪತ್ರದ ಕಟ್ಟಕಡೆಗೆ ಬರೆದ "ಆಗ ಓಡುತ್ತಿದ್ದಂತೆಯೇ ಓಡೀತೇ" ಎಂಬ ಮಾತೇ ಉಳಿದೆಲ್ಲಕ್ಕಿಂತ ದೊಡ್ಡದು. ಬೆಳಗಾವಿಯ ನನ್ನ ವರ್ಕ್‌ಶಾಪಿಗೆ ಹಳೆಯ ಗಾಡಿ ತರುವ ಬಹುಪಾಲು ಜನರ ಮನಸ್ಸಿನಲ್ಲಿರುವುದೂ ಅದೇ. ಅದಕ್ಕೆ ಉತ್ತರ ಕಂಡುಕೊಳ್ಳದೆ ಕೆಲಸಕ್ಕೆ ಕೈಹಾಕಿದವರ ಎಷ್ಟೋ ಗಾಡಿಗಳು ಬಿಚ್ಚಿದ ಭಾಗಗಳಾಗಿ ಗೋಣಿಚೀಲದಲ್ಲಿ ಉಳಿದಿವೆ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ನಿಮ್ಮ ನೆನಪು ಸುಳ್ಳಲ್ಲ. ಆ ಯೆಜ್ಡಿ ಭಾರ ಎಳೆಯುತ್ತಿದ್ದುದು ನಿಜ, ಅದಕ್ಕೆ ಕಾರಣವೂ ಇದೆ. ಅದರ ಸಿಲಿಂಡರಿನ ಬೋರ್ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75 ಮಿಲಿಮೀಟರ್. ಅಗಲಕ್ಕಿಂತ ಓಟ ಉದ್ದವಾದ ಇಂಥ ಎಂಜಿನ್ ಕಡಿಮೆ ವೇಗದಲ್ಲಿಯೇ ತನ್ನ ಬಲ ಕೊಡುತ್ತದೆ. ಜೊತೆಗೆ ಅದು ಟೂ ಸ್ಟ್ರೋಕ್: ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕ್ ಒಂದು ಸುತ್ತು ಸುತ್ತಿದರೆ ಒಂದು ಸಿಡಿತ. ಖಣದ ಗಂಟು ಹೇರಿಕೊಂಡು ಬಾದಾಮಿಯ ಏರು ಹತ್ತುವಾಗ ಗೇರ್ ಇಳಿಸುವ ಪ್ರಮೇಯ ಬರುತ್ತಿರಲಿಲ್ಲ ಎಂದು ನಿಮ್ಮ ತಂದೆಯವರು ಹೇಳಿದ್ದರೆ ಅದನ್ನು ನಂಬಬಹುದು. ನಿಮ್ಮ ಆರ್‌ಎಕ್ಸ್ 100ರ ಬೋರ್ ಮತ್ತು ಓಟ ಎರಡೂ 50 ಮಿಲಿಮೀಟರ್. ಅದು ಮೇಲಿನ ವೇಗದಲ್ಲಿ ಚಿಮ್ಮುವ ಜಾತಿ. ಯೆಜ್ಡಿಗೆ 16 ಅಶ್ವಶಕ್ತಿ, ತೂಕ 140 ಕಿಲೋ ಆಸುಪಾಸು. ಆರ್‌ಎಕ್ಸ್‌ಗೆ 11 ಅಶ್ವಶಕ್ತಿ, ತೂಕ 100 ಕಿಲೋ ಆಸುಪಾಸು. ಲೆಕ್ಕ ಹಾಕಿದರೆ ಕಿಲೋವೊಂದಕ್ಕೆ ಸಿಗುವ ಬಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆರ್‌ಎಕ್ಸ್ ಹುಚ್ಚು ಓಟದ್ದು, ಯೆಜ್ಡಿ ಗಟ್ಟಿ ಎಳೆತದ್ದು ಎಂದು ಆ ಕಾಲದ ಸವಾರರು ಹೇಳುತ್ತಿದ್ದುದರ ಹಿಂದೆ ಇರುವುದು ಈ ಅಳತೆಗಳೇ. ಸಿಡಿ 100ರ ಸಿಲಿಂಡರ್ ಕೂಡ ಆರ್‌ಎಕ್ಸ್‌ನಷ್ಟೇ ದೊಡ್ಡದು. ಆದರೆ ಅದು ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದೇ ಸಿಡಿತ. ಬಲ ಕಡಿಮೆಯಾಯಿತು, ಪೆಟ್ರೋಲ್ ಉಳಿಯಿತು. ಟೂ ಸ್ಟ್ರೋಕಿನಲ್ಲಿ ಹೊಸ ಮಿಶ್ರಣ ಒಳಗೆ ಬರುವಾಗ ಅದರ ಒಂದು ಪಾಲು ಸುಡದೆಯೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದಂತೆ ಆ ಇಡೀ ಸಂತತಿಯೇ ಮುಗಿಯಿತು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ ಅದೇ ವರ್ಷ.

ಇಷ್ಟು ಗಾಡಿಯ ಮಾತು. ನೆನಪಿನಲ್ಲಿ ಸೇರಿಕೊಂಡಿರುವ ಇನ್ನೊಂದು ಪಾಲು ಗಾಡಿಯದ್ದಲ್ಲ. 1986ರಲ್ಲಿ ವಿಜಯಪುರದ ದಾರಿಯಲ್ಲಿ ನಿಮ್ಮ ಎದುರಿಗೆ ಬರುತ್ತಿದ್ದುದು ಚಕ್ಕಡಿ, ಸೈಕಲ್, ಆಗೊಂದು ಈಗೊಂದು ಬಸ್ಸು. ಅಲ್ಲಿ 60 ಕಿಲೋಮೀಟರ್ ವೇಗವೇ ಹಾರಿದಂತೆ. ಇಂದು ಹುನಗುಂದದ ಹತ್ತಿರದ ನಾಲ್ಕು ಪಥದ ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಹೋದರೆ ಹಿಂದಿನಿಂದ ಲಾರಿಗಳು ಹಾರ್ನ್ ಹಾಕುತ್ತವೆ. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ಟೂ ಸ್ಟ್ರೋಕ್ ಆದ್ದರಿಂದ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಹಿಡಿದು ನಿಲ್ಲಿಸುವುದೂ ಕಡಿಮೆ. ಸ್ಪ್ಲೆಂಡರಿನ ಮೇಲೆ ಪಳಗಿದ ಕೈಗೆ ಮೊದಲ ದಿನ ಗಾಬರಿಯಾಗುತ್ತದೆ. ಹಾಗಾಗಿ ನನ್ನ ನೇರ ಉತ್ತರ ಇದು: ಎಂಜಿನ್ ಆಗಿನಂತೆಯೇ ಓಡುವ ಹಾಗೆ ಮಾಡಬಹುದು, ಆ ಸದ್ದು, ಆ ಎಣ್ಣೆಯ ಹೊಗೆಯ ವಾಸನೆ, ಕಿಕ್ ರಾಡನ್ನೇ ಒಳಗೆ ಒತ್ತಿ ತಿರುಗಿಸಿ ಗೇರ್ ಮಾಡಿಕೊಳ್ಳುವ ಆ ಕೈಚಳಕ ಎಲ್ಲವೂ ಸಿಗುತ್ತವೆ. ಊರೊಳಗೆ, ಹಳ್ಳಿಯ ದಾರಿಯಲ್ಲಿ, ಭಾನುವಾರದ ಬೆಳಗಿನ ಸವಾರಿಗೆ ಅದು ಇಂದಿಗೂ ಸುಖದ ಗಾಡಿ. ಹೆದ್ದಾರಿಯಲ್ಲಿ ದಿನನಿತ್ಯ ಓಡಾಡುವುದಕ್ಕೆ ಅಲ್ಲ. ಇದು ನಿಮಗೆ ಒಪ್ಪಿಗೆಯಾದರೆ ಮುಂದಿನದನ್ನು ಓದಿ.

ಎಂಜಿನ್ನಿಗೆ ಸ್ಪ್ಯಾನರ್ ಹಾಕುವ ಮೊದಲು ಕಾಗದದ ಕೆಲಸ ಹಿಡಿಯಿರಿ. ಜನ ಇದನ್ನು ತಿರುಗುಮುರುಗು ಮಾಡುತ್ತಾರೆ, ಹಣ ಸುರಿದು ಗಾಡಿ ಸಿದ್ಧವಾದ ಮೇಲೆ ದಾಖಲೆ ಸಿಗದೆ ಒದ್ದಾಡುತ್ತಾರೆ.

ಹದಿನೈದು ವರ್ಷ ದಾಟಿದ ಗಾಡಿ ಓಡಿಸುವಂತಿಲ್ಲ ಎಂಬುದು ನಮ್ಮ ಕಡೆಗೆ ಅನ್ವಯಿಸುವ ಮಾತಲ್ಲ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧ ಹಸಿರು ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟ್ ಆದೇಶಗಳಿಂದ ದೆಹಲಿ ರಾಜಧಾನಿ ಪ್ರದೇಶಕ್ಕೆ ಬಂದದ್ದು. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ಮೀರಿದ್ದಕ್ಕೆ ಗುಜರಿಗೆ ಹೋಗುತ್ತಿರುವುದು ಸರ್ಕಾರಿ ವಾಹನಗಳು. ಸುದ್ದಿವಾಹಿನಿಗಳಲ್ಲಿ ಇವೆಲ್ಲ ಒಂದೇ ಉಸಿರಿನಲ್ಲಿ ಬಂದದ್ದರಿಂದ ಜನರ ಮನಸ್ಸಿನಲ್ಲಿ ಕಲಸಿಹೋಗಿವೆ. ಖಾಸಗಿ ಬೈಕಿನ ನೋಂದಣಿ ಮೊದಲು ಹದಿನೈದು ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಹಾಗೆ ಎಷ್ಟು ಸಲವಾದರೂ ಮಾಡಿಸಬಹುದು.

ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ. 1986ರಲ್ಲಿ ಬಾಗಲಕೋಟೆ ಜಿಲ್ಲೆಯೇ ಇರಲಿಲ್ಲ, ಅದು ವಿಜಾಪುರದಿಂದ ಬೇರೆಯಾದದ್ದು 1997ರಲ್ಲಿ. ನಿಮ್ಮ ಗಾಡಿಯ ಸಂಖ್ಯೆ ಕೆಎ ಸರಣಿ ಬರುವುದಕ್ಕೆ ಮೊದಲಿನದು, ಮೂಲ ಕಡತ ವಿಜಯಪುರದ ಕಚೇರಿಯ ಕೈಬರಹದ ರಿಜಿಸ್ಟರಿನಲ್ಲಿ ಇರುವ ಸಂಭವವೇ ಹೆಚ್ಚು. ಹಳೆಯ ಆರ್‌ಸಿ ಪುಸ್ತಕ ತೆಗೆದು, ಕೊನೆಯ ನವೀಕರಣ ಯಾವ ವರ್ಷದ್ದು, ಯಾವ ಕಚೇರಿಯ ಮೊಹರು ಎಂದು ನೋಡಿ. ಗಾಡಿಯ ವಿವರ 'ವಾಹನ್' ಗಣಕ ವ್ಯವಸ್ಥೆಯಲ್ಲಿ ಕಾಣದಿದ್ದರೆ ಮೂಲ ರಿಜಿಸ್ಟರ್ ನೋಡಿ ಅದನ್ನು ಸೇರಿಸುವಂತೆ ಅರ್ಜಿ ಕೊಡಬೇಕು, ಅದು ಆಗುವವರೆಗೆ ಬೇರೆ ಯಾವ ಅರ್ಜಿಯೂ ಮುಂದೆ ಸಾಗುವುದಿಲ್ಲ. ಶಾಸಿ ಸಂಖ್ಯೆ ಹ್ಯಾಂಡಲಿನ ಬುಡದ ಚೌಕಟ್ಟಿನ ಮೇಲೆ ಕೊರೆದಿರುತ್ತದೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ತಿಕ್ಕಿ ಓದಿ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ, ಅಕ್ಷರ ಸವೆದರೆ ತಿದ್ದಿದ ಅನುಮಾನ ಬರುತ್ತದೆ. ಶಾಸಿ, ಎಂಜಿನ್ ಎರಡರ ಸಂಖ್ಯೆಯೂ ಆರ್‌ಸಿಗೆ ತಾಳೆಯಾಗಬೇಕು.

ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31. ಅದರ ಜೊತೆ ಮರಣ ಪ್ರಮಾಣಪತ್ರ, ವಾರಸಾ ದಾಖಲೆ, ಅಕ್ಕತಂಗಿಯರು ಅಣ್ಣತಮ್ಮಂದಿರು ಇದ್ದರೆ ಅವರ ಒಪ್ಪಿಗೆ ಪತ್ರ ಬೇಕು. ನಿಯಮದ ಪ್ರಕಾರ ಇದನ್ನು ಮೂರು ತಿಂಗಳಲ್ಲಿ ಮಾಡಬೇಕಿತ್ತು. ತಡವಾಗಿದ್ದಕ್ಕೆ ದಂಡ ಬೀಳುತ್ತದೆ, ಆದರೆ ದಾರಿ ಮುಚ್ಚಿಲ್ಲ. ನವೀಕರಣಕ್ಕೆ ನಮೂನೆ 25. ಇಪ್ಪತ್ತು ವರ್ಷ ಮೀರಿದ ಬೈಕಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರಲ್ಲಿ 2,000 ರೂಪಾಯಿಗೆ ಏರಿಸಿತು. ಇದರ ಮೇಲೆ ತಡವಾದ ತಿಂಗಳಿಗಿಷ್ಟು ಎಂದು ದಂಡ ಸೇರುವುದರಿಂದ ಒಟ್ಟು ಮೊತ್ತ ನೋಡಿ ಎದೆ ಧಸಕ್ಕೆನ್ನಬಹುದು. ರಾಜ್ಯದ ಹಸಿರು ತೆರಿಗೆ ಬೇರೆ. ಕಚೇರಿಯ ಕೌಂಟರಿನಲ್ಲಿ ನೀವೇ ನಿಂತು ಲೆಕ್ಕ ಬರೆಸಿಕೊಳ್ಳಿ. ಮಧ್ಯವರ್ತಿಯ ಬಾಯಿಮಾತಿನ ಅಂಕಿ ಬೇಡ. ವಿಂಟೇಜ್ ಎಂದು ನೋಂದಾಯಿಸಿದರೆ ಸುಲಭ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 2021ರ ಆ ನಿಯಮ ಮೊದಲ ನೋಂದಣಿಯಿಂದ 50 ವರ್ಷ ತುಂಬಿದ ಗಾಡಿಗಳಿಗೆ ಮಾತ್ರ, ಶುಲ್ಕವೇ 20,000 ರೂಪಾಯಿ, ಮೇಲಾಗಿ ಅಂಥ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ.

ಇನ್ನು ಎಂಜಿನ್. ಎಳೆದು ಬಿಡಿಸುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಏಕೆ ಬೇಡ ಎಂಬುದಕ್ಕೆ, ಇಷ್ಟು ವರ್ಷ ನಿಂತ ಟೂ ಸ್ಟ್ರೋಕ್ ಎಂಜಿನ್ನಿನೊಳಗೆ ಏನಾಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸ್ಪ್ಲೆಂಡರಿನ ತಳದಲ್ಲಿ ಎಣ್ಣೆ ನಿಂತಿರುತ್ತದೆ. ಯೆಜ್ಡಿಯ ಕ್ರ್ಯಾಂಕ್ ಕೋಣೆಯಲ್ಲಿ ಎಣ್ಣೆ ನಿಲ್ಲುವುದಿಲ್ಲ, ಪೆಟ್ರೋಲಿನ ಜೊತೆ ಬಂದ ಎಣ್ಣೆಯ ತೆಳು ಪೊರೆಯಷ್ಟೇ ಅಲ್ಲಿಯ ರಕ್ಷಣೆ. ಗಾಡಿ ನಿಂತು ತಿಂಗಳುಗಳಾದರೆ ಆ ಪೊರೆ ಒಣಗುತ್ತದೆ. ಇದರ ಮೇಲೆ, ಟೂ ಸ್ಟ್ರೋಕಿಗೆ ವಾಲ್ವ್ ಇಲ್ಲ, ಸಿಲಿಂಡರಿನ ಗೋಡೆಯಲ್ಲಿ ತೂತುಗಳಿವೆ. ಪಿಸ್ಟನ್ ನಿಂತ ಜಾಗದಲ್ಲಿ ಹೆಚ್ಚಾಗಿ ಯಾವುದೋ ಒಂದು ತೂತು ತೆರೆದಿರುತ್ತದೆ. ಮಳೆಗಾಲದ ತೇವದ ಗಾಳಿ ಸೈಲೆನ್ಸರಿನಿಂದಲೋ ಕಾರ್ಬ್ಯುರೇಟರಿನಿಂದಲೋ ಒಳಗೆ ಸೇರುತ್ತದೆ. ಹಗಲಿಗೆ ಕಾದು ರಾತ್ರಿ ತಣ್ಣಗಾಗುವ ತಗಡಿನ ಶೆಡ್ಡಿನಲ್ಲಿ ಆ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ. ಬೀಡು ಕಬ್ಬಿಣದ ಸಿಲಿಂಡರಿಗೆ ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಕ್ರ್ಯಾಂಕಿನ ಬೇರಿಂಗು, ಕನೆಕ್ಟಿಂಗ್ ರಾಡಿನ ಕೆಳಗಿನ ಗುಂಡುಗಳು ತುಕ್ಕು ಹಿಡಿಯುತ್ತವೆ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಇಂಥ ಎಂಜಿನ್ನನ್ನು ಗೇರಿಗೆ ಹಾಕಿ ಟ್ರ್ಯಾಕ್ಟರಿನಿಂದಲೋ ಜೀಪಿನಿಂದಲೋ ಎಳೆದರೆ ಅದು ಬಿಟ್ಟುಕೊಳ್ಳಬಹುದು. ಆದರೆ ತುಕ್ಕಿನ ಚೂರು ಸಿಲಿಂಡರನ್ನು ಗೀರುತ್ತದೆ, ಅಂಟಿದ ರಿಂಗ್ ತುಂಡಾಗಿ ತೂತಿಗೆ ಸಿಕ್ಕಿಕೊಳ್ಳುತ್ತದೆ, ರಾಡ್ ಬಾಗಬಹುದು. ರಿಂಗು, ಪಿಸ್ಟನ್ ಬದಲಿಸಿ ಮುಗಿಯುತ್ತಿದ್ದ ಕೆಲಸಕ್ಕೆ ಸಿಲಿಂಡರನ್ನೇ ಹುಡುಕಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಹಾಗೆ ಎಳೆದ ಮೇಲೆ ಎಂಜಿನ್ ಸ್ಟಾರ್ಟ್ ಆಗಿಬಿಡುವುದು. ಮಾಲೀಕರು ಖುಷಿಯಿಂದ ಓಡಿಸಲು ಶುರುಮಾಡುತ್ತಾರೆ, ಒಣಗಿದ ಸೀಲಿನಿಂದ ಗಾಳಿ ಒಳನುಗ್ಗಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಪೆಟ್ರೋಲ್ ಕಡಿಮೆ ಎಂದರೆ ಎಣ್ಣೆಯೂ ಕಡಿಮೆ. ಪಿಸ್ಟನ್ ಕಾದು ಉಬ್ಬಿ ಓಟದ ನಡುವೆಯೇ ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ. 50 ಕಿಲೋಮೀಟರ್ ವೇಗದಲ್ಲಿ ಅದಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನೀವು ಮಾಡಬಹುದಾದ ಮೊದಲ ಪರೀಕ್ಷೆ ಸರಳವಾಗಿದೆ. ಪ್ಲಗ್ ಬಿಚ್ಚಿ. ಡಬಲ್ ಸ್ಟ್ಯಾಂಡ್ ಹಾಕಿ, ಮೇಲಿನ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ಚಕ್ರದ ಜೊತೆ ಪ್ಲಗ್ಗಿನ ತೂತಿನಲ್ಲಿ ಪಿಸ್ಟನ್ ಚಲಿಸಿದರೆ ಎಂಜಿನ್ ಜಾಮ್ ಆಗಿಲ್ಲ, ಕಿಕ್ಕಿನ ಗೇರು ಅಥವಾ ಸ್ಪ್ರಿಂಗ್ ಸಿಕ್ಕಿಕೊಂಡಿದೆ. ಯೆಜ್ಡಿಯಲ್ಲಿ ಇದು ಅಪರೂಪವೇನಲ್ಲ, "ಬೋರ್ ಜಾಮ್" ಎಂಬ ತೀರ್ಪನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಅಲುಗದಿದ್ದರೆ ಪ್ಲಗ್ಗಿನ ತೂತಿನಿಂದ ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ ಒಂದು ವಾರ ಬಿಡಿ, ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಸೇರಿಸಿ, ಚಕ್ರವನ್ನು ಕೈಬಲದಿಂದ ಮಾತ್ರ ಅಲುಗಿಸಿ. ಕಾಲಿನ ಬಲ ಬೇಡ. ಕಿಕ್ಕಿನ ಹಲ್ಲು ಮುರಿದರೆ ಎಂಜಿನ್ನಿನ ಹೊಟ್ಟೆಯನ್ನೇ ಬಿಚ್ಚಬೇಕಾಗುತ್ತದೆ.

ಬಿಟ್ಟುಕೊಂಡ ಮೇಲೂ ಸ್ಟಾರ್ಟ್ ಮಾಡುವ ಆತುರ ಬೇಡ. ಸಿಲಿಂಡರ್ ಮೇಲಕ್ಕೆತ್ತಿ ಕೆಳಗಿನ ಬೇರಿಂಗ್ ನೋಡಬೇಕು. ಅಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಎಂಜಿನ್ ಪೂರ್ತಿ ಬಿಚ್ಚುವುದೊಂದೇ ದಾರಿ. ಅಷ್ಟು ವರ್ಷ ನಿಂತ ಗಾಡಿಗೆ ಸೀಲು ಬದಲಿಸಲೆಂದೇ ಹೇಗೂ ಬಿಚ್ಚಬೇಕು, ಆದ್ದರಿಂದ ನನ್ನ ಸಲಹೆ ಮೊದಲೇ ಅದಕ್ಕೆ ಮನಸ್ಸು ಮಾಡಿಕೊಳ್ಳುವುದು. ಬಿಚ್ಚಿದ ಮೇಲೆ ಬೇರಿಂಗು, ಸೀಲು, ಕ್ಲಚ್ ಕಾರ್ಕು, ಪ್ರೈಮರಿ ಚೈನು ಒಂದೇ ಸಲಕ್ಕೆ ನೋಡಿಸಿ. ಇಲ್ಲಿ ದುಡ್ಡು ಉಳಿಸಿದರೆ ಆರು ತಿಂಗಳಲ್ಲಿ ಮತ್ತೆ ಬಿಚ್ಚಬೇಕಾಗುತ್ತದೆ.

ಕ್ರ್ಯಾಂಕಿನ ಕೆಲಸ ಮಾತ್ರ ಊರಿನ ಗ್ಯಾರೇಜಿನಲ್ಲಿ ಸುತ್ತಿಗೆಯಿಂದ ಮಾಡಿಸಬೇಡಿ. ಅದು ಒತ್ತಿ ಕೂರಿಸಿದ ಕ್ರ್ಯಾಂಕ್. ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ರಾಡ್ ಮತ್ತು ಪಿನ್ ಹಾಕಿ, ಮತ್ತೆ ಒತ್ತಿ, ಡಯಲ್ ಗೇಜ್ ಹಿಡಿದು ಓರೆ ತೆಗೆಯಬೇಕು. ಈ ವಿಷಯದಲ್ಲಿ ನಮ್ಮ ಭಾಗಕ್ಕೆ ಅದೃಷ್ಟವಿದೆ. ಫೌಂಡ್ರಿಗಳಿಗೂ ಕ್ರ್ಯಾಂಕ್ ಶಾಫ್ಟ್ ಕೆಲಸಕ್ಕೂ ಬೆಳಗಾವಿ ಹೆಸರಾದ ಊರು, ಉದ್ಯಮಬಾಗದ ಸಣ್ಣ ಲೇತ್ ಕಾರ್ಖಾನೆಗಳಲ್ಲಿ ನೂರನೇ ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಕೆಲಸ ಮಾಡುವ ಕೈಗಳಿವೆ. ಜಮಖಂಡಿ, ಮುಧೋಳದ ಕಡೆಯವರು ಕೊಲ್ಹಾಪುರಕ್ಕೂ ಹೋಗುತ್ತಾರೆ. ಕೆಲಸ ಕೊಡುವಾಗ "ಗೇಜಿನಲ್ಲಿ ಓರೆ ಎಷ್ಟು ಬಂತು" ಎಂದು ಕೇಳಿ. ಅಂಕಿ ಹೇಳುವವನ ಕೈಗೆ ಗಾಡಿ ಕೊಡಿ, "ಕಣ್ಣಿನ ಅಂದಾಜು ಸಾಕು" ಎನ್ನುವವನಿಗೆ ಬೇಡ.

ಬೇರೆ ಎಂಜಿನ್ ಕೂರಿಸುವ ಸಲಹೆಯ ಬಗ್ಗೆ ಒಂದೇ ಮಾತು. ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಬೇರೆಯಾದರೆ, ಅನುಮತಿ ಪಡೆಯದೆ ಮಾಡಿದ ಮಾರ್ಪಾಡು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. ನವೀಕರಣವೂ ಆಗದು, ಅಪಘಾತವಾದರೆ ವಿಮೆಯ ತಕರಾರು ಬರುತ್ತದೆ. ಮೇಲಾಗಿ ಆ ಎಂಜಿನ್ ಹೋದ ಮೇಲೆ ಉಳಿಯುವುದು ನಿಮ್ಮ ತಂದೆಯ ಗಾಡಿಯಲ್ಲ. 2022ರಿಂದ ಯೆಜ್ಡಿ ಹೆಸರಿನಲ್ಲಿ ಮಾರಾಟವಾಗುತ್ತಿರುವ ಹೊಸ ಬೈಕುಗಳು ನೀರಿನಿಂದ ತಂಪಾಗುವ 334 ಸಿಸಿಯ ಫೋರ್ ಸ್ಟ್ರೋಕ್‌ಗಳು. ಅವುಗಳ ಯಾವ ಭಾಗವೂ ನಿಮ್ಮ ಎಂಜಿನ್ನಿಗೆ ಹೊಂದುವುದಿಲ್ಲ, ಶೋರೂಮಿನಲ್ಲಿ ಬಿಡಿಭಾಗ ಹುಡುಕಿ ಸಮಯ ಕಳೆಯಬೇಡಿ. ಹಳೆಯ ಯೆಜ್ಡಿಯ ಬಿಡಿಭಾಗಗಳಿಗೆ ಮೈಸೂರು, ಬೆಂಗಳೂರಿನ ಹಳೆಯ ಅಂಗಡಿಗಳೇ ಗತಿ. ಮೂಲ ಕಂಪನಿಯದ್ದಲ್ಲದ, ಹೊಸದಾಗಿ ತಯಾರಾದ ಪಿಸ್ಟನ್ ಕೊಳ್ಳುವಾಗ ಸಿಲಿಂಡರನ್ನು ಮೊದಲೇ ಬೋರ್ ಮಾಡಿಸಬೇಡಿ, ಅಂದರೆ ಒಳಗೋಡೆ ಕೊರೆಸಿ ಅಗಲ ಮಾಡಿಸಬೇಡಿ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕು.

ಪೆಟ್ರೋಲಿನ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ನೀವು ಕೇಳಿದ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂದು ಬಂಕುಗಳಲ್ಲಿ ಸಿಗುವುದು ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲ್. ಮುಧೋಳ, ಜಮಖಂಡಿ, ಅಥಣಿಯ ಕಡೆಯ ಕಬ್ಬಿನಿಂದಲೇ ಅದರ ಒಂದು ಪಾಲು ಬರುತ್ತದೆ, ನಮ್ಮ ರೈತರಿಗೆ ಅದರಿಂದ ಒಳ್ಳೆಯದಾಗಿದೆ, ಅದನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ 1986ರ ಎಂಜಿನ್ ಅದಕ್ಕೆಂದು ರೂಪಿಸಿದ್ದಲ್ಲ. ಎಂಜಿನ್ ಒಂದೇ ದಿನಕ್ಕೆ ಸುಟ್ಟುಹೋಗುವುದಿಲ್ಲ, ಆಗುವ ತೊಂದರೆಗಳು ಮೂರು ಬಗೆಯವು. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ವಾಷರ್ ಮೆತ್ತಗಾಗಿ ಉಬ್ಬುತ್ತವೆ. ಇವನ್ನು ಹೊಸ ಇಂಧನಕ್ಕೆ ತಾಳುವ ರಬ್ಬರಿನವುಗಳಿಗೆ ಬದಲಿಸಿದರೆ ಮುಗಿಯಿತು. ಎರಡನೆಯದಾಗಿ, ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಹಾಗೆಯೇ ಇಟ್ಟರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ, ಅದರಲ್ಲೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ. ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ, ಪ್ಲಗ್ಗಿನ ಬಣ್ಣ ನೋಡಿ ಖಚಿತಪಡಿಸಿಕೊಳ್ಳಬೇಕು.

ಮೂರನೆಯದೇ ನಿಜವಾದ ಅಪಾಯ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ನೀವು ಪೆಟ್ರೋಲಿಗೆ ಬೆರೆಸಿದ 2ಟಿ (ಟೂ ಸ್ಟ್ರೋಕ್) ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಕಾಕ್ ಇರುವುದು ತಳದಲ್ಲಿ. ಅಂದರೆ ತಿಂಗಳುಗಟ್ಟಲೆ ನಿಂತ ಗಾಡಿಯನ್ನು ಹಾಗೆಯೇ ಸ್ಟಾರ್ಟ್ ಮಾಡಿದರೆ ಮೊದಲು ಎಂಜಿನ್ನಿಗೆ ಹೋಗುವುದು ಎಣ್ಣೆಯೇ ಇಲ್ಲದ ದ್ರವ. ಸ್ಪ್ಲೆಂಡರ್ ಅದಕ್ಕೆ ಕೆಮ್ಮಿ ನಿಲ್ಲುತ್ತದೆ ಅಷ್ಟೇ. ಯೆಜ್ಡಿ ಪಿಸ್ಟನ್ ಕಳೆದುಕೊಳ್ಳುತ್ತದೆ. ಆದ್ದರಿಂದ ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾಕ್ ಮುಚ್ಚಿ ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಎರಡು ಮೂರು ತಿಂಗಳು ನಿಲ್ಲುವುದಾದರೆ ಟ್ಯಾಂಕೇ ಖಾಲಿ ಮಾಡಿ, ಆ ಪೆಟ್ರೋಲನ್ನು ಮತ್ತೆ ಯೆಜ್ಡಿಗೆ ಹಾಕಬೇಡಿ.

ಎಣ್ಣೆ ಲೀಟರಿಗೆ 40 ಮಿಲಿಲೀಟರ್, ಅಂದರೆ ಇಪ್ಪತ್ತೈದಕ್ಕೆ ಒಂದು. ಒಳ್ಳೆಯ ದರ್ಜೆಯ 2ಟಿ ಎಣ್ಣೆಯನ್ನೇ ಹಾಕಿ, ಫೋರ್ ಸ್ಟ್ರೋಕ್ ಎಣ್ಣೆ ಬೇಡ. ಸುರಕ್ಷಿತವಾಗಿರಲಿ ಎಂದು ಎರಡು ಪಟ್ಟು ಸುರಿಯುವವರಿದ್ದಾರೆ. ಅದರಿಂದ ಪ್ಲಗ್ ಕಟ್ಟುತ್ತದೆ, ಸೈಲೆನ್ಸರಿನಲ್ಲಿ ಮಸಿ ತುಂಬುತ್ತದೆ, ಜೆಟ್ಟಿನಲ್ಲಿ ಹಾದುಹೋಗುವ ಪೆಟ್ರೋಲಿನ ಪಾಲು ಇಳಿದು ಮಿಶ್ರಣ ಇನ್ನೂ ತೆಳುವಾಗುತ್ತದೆ. ನಿಮ್ಮ ತಂದೆಯವರು ಬಂಕಿನಲ್ಲಿ ಎಣ್ಣೆ ಅಳೆದು ಹಾಕಿಸಿ ಗಾಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಿದ್ದುದು ನಿಮಗೆ ನೆನಪಿರಬೇಕು. ಅದು ಬರೀ ಅಭ್ಯಾಸವಾಗಿರಲಿಲ್ಲ. ಈಗಂತೂ ಬೇರೆ ಪಾತ್ರೆಯಲ್ಲಿ ಮೊದಲೇ ಕಲಸಿ ಸುರಿಯುವುದು ಇನ್ನೂ ಒಳ್ಳೆಯದು. ಹಳೆಯ ಎಂಜಿನ್ನಿಗೆ ಸೀಸದ ಪೆಟ್ರೋಲ್ ಬೇಕು ಎಂಬ ಮಾತಿನ ಬಗ್ಗೆ ಚಿಂತೆ ಬೇಡ, ಸೀಸ ಕಾಪಾಡುತ್ತಿದ್ದುದು ವಾಲ್ವಿನ ಸೀಟುಗಳನ್ನು, ನಿಮ್ಮ ಎಂಜಿನ್ನಿಗೆ ವಾಲ್ವೇ ಇಲ್ಲ.

ಮಾರುವ ವಿಷಯ. ನಿಮ್ಮ ಮಗನ ಮಾತನ್ನು ಅಲಕ್ಷಿಸಬೇಡಿ. ಗಾಡಿಗೆ ಜಾಗ, ಸಮಯ, ಹಣ ಬೇಕು, ಮುಂದೆ ಅದನ್ನು ನೋಡಿಕೊಳ್ಳಬೇಕಾದವನು ಅವನೇ. ಆದರೆ ಕೊಳ್ಳುವವನು ಏಕೆ ಕೊಳ್ಳುತ್ತಿದ್ದಾನೆ ಎಂದು ತಿಳಿದುಕೊಳ್ಳಿ. ಕೆಲವರು ಓಡಿಸಲೆಂದೇ ಕೊಳ್ಳುತ್ತಾರೆ, ಕೆಲವರು ಬಿಚ್ಚಿ ಬಿಡಿಭಾಗ ಮಾರುತ್ತಾರೆ, ಕೆಲವರಿಗೆ ಬೇಕಿರುವುದು ಆರ್‌ಸಿ ಮತ್ತು ಸಂಖ್ಯೆ ಮಾತ್ರ, ಅದನ್ನು ಬೇರೆ ಯಾವುದೋ ಚೌಕಟ್ಟಿಗೆ ಅಂಟಿಸುತ್ತಾರೆ. ಈ ಕೊನೆಯ ಬಗೆಯವರ ಕೈಗೆ ಕೊಟ್ಟರೆ ಮುಂದೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಮಾರುವುದೇ ಆದರೂ ಮೊದಲು ನಿಮ್ಮ ಹೆಸರಿಗೆ ಮಾಡಿಸಿ, ಆಮೇಲೆ ನಮೂನೆ 29, 30ರ ಮೂಲಕ ಅವರ ಹೆಸರಿಗೆ ವರ್ಗಾಯಿಸಿಯೇ ಗಾಡಿ ಬಿಡಿ. ಸಹಿ ಹಾಕಿದ ಖಾಲಿ ನಮೂನೆಗಳನ್ನು ಕೊಡಲೇಬೇಡಿ.

ಓಡಿಸದೆ, ಮಾರದೆ, ಸ್ವಚ್ಛ ಮಾಡಿ ಮನೆಯಲ್ಲಿ ಇಟ್ಟುಕೊಳ್ಳುವುದೂ ಒಂದು ದಾರಿ. ಅದಕ್ಕೆ ಟ್ಯಾಂಕ್ ಖಾಲಿ ಮಾಡಿ, ಸಿಲಿಂಡರಿಗೆ ಎಣ್ಣೆ ಹಾಕಿ, ಸೈಲೆನ್ಸರಿನ ಬಾಯಿ ಮುಚ್ಚಿ, ಚಕ್ರಗಳನ್ನು ನೆಲದಿಂದ ಎತ್ತಿಡಿ. ಖರ್ಚು ಬಹಳ ಕಡಿಮೆ, ನಾಳೆ ಮನಸ್ಸು ಬದಲಾದರೆ ಗಾಡಿ ಕೆಟ್ಟಿರುವುದಿಲ್ಲ.

ಆದರೆ ನಿಮ್ಮ ಪತ್ರ ಓದಿದ ಮೇಲೆ ನಾನು ಹೇಳುವುದು: ಓಡಿಸಿ. ಎಂಜಿನ್, ಬ್ರೇಕು, ವೈರಿಂಗು, ಟೈರು ಪೂರ್ತಿ ಮಾಡಿಸಿ, ಬಣ್ಣ ಮತ್ತು ಕ್ರೋಮ್ ಮುಟ್ಟಬೇಡಿ. ಶೋರೂಮಿನಂತೆ ಮಾಡಿಸುವ ಚಪಲ ಎಲ್ಲರಿಗೂ ಬರುತ್ತದೆ. ಒಳ್ಳೆಯ ಕ್ರೋಮ್ ಎಂದರೆ ಕೆಳಗೆ ನಿಕಲ್ ಪದರ, ಮೇಲೆ ಕ್ರೋಮ್. ಅದಕ್ಕೆ ಎಂಜಿನ್ ಕೆಲಸಕ್ಕಿಂತ ಹೆಚ್ಚು ಹಣ ಹೋಗಬಹುದು. ಅಗ್ಗದಲ್ಲಿ ಮಾಡಿಸಿದರೆ ಎರಡು ಮಳೆಗಾಲಕ್ಕೆ ಸುಲಿಯುತ್ತದೆ. ಖಣದ ಗಂಟಿನ ಹಗ್ಗ ಉಜ್ಜಿ ಹಿಂದಿನ ಮಡ್‌ಗಾರ್ಡಿನ ಮೇಲೆ ಗೀರು ಬಿದ್ದಿರಲೇಬೇಕು. ಅದನ್ನು ಬಣ್ಣದಿಂದ ಮುಚ್ಚಲು ನನಗಂತೂ ಮನಸ್ಸಾಗದು. ತುಕ್ಕು ಮುಂದುವರಿಯದಂತೆ ಎಣ್ಣೆ ಬಟ್ಟೆಯಿಂದ ಒರೆಸಿ, ಮೇಣ ಹಚ್ಚಿದರೆ ಸಾಕು.

ಟೈರಿನ ಮೇಲಿನ ಅಚ್ಚು ಸವೆದಿಲ್ಲ ಎಂದು ಹಳೆಯದನ್ನೇ ಇಟ್ಟುಕೊಳ್ಳಬೇಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿದ್ದರೆ ಮೊದಲೆರಡು ವಾರ, ಕೊನೆಯೆರಡು ವರ್ಷ. 2311 ಎಂದಿದ್ದರೆ 2011ರ ಇಪ್ಪತ್ಮೂರನೇ ವಾರದ್ದು. ಅಷ್ಟು ಹಳೆಯ ರಬ್ಬರಿಗೆ ಹಿಡಿತ ಇರುವುದಿಲ್ಲ. ಬ್ರೇಕ್ ಶೂಗಳ ಅಂಟು ಬಿಟ್ಟು ಲೈನಿಂಗ್ ಕಳಚಿ ಚಕ್ರ ಕಚ್ಚುವುದುಂಟು, ಅವೂ ಹೊಸವಾಗಲಿ. ಹಳೆಯ ಹೆಡ್‌ಲೈಟಿನ ಬೆಳಕು ಇಂದಿನ ರಸ್ತೆಗೆ ಸಾಲದು. ಕಬ್ಬಿನ ಹಂಗಾಮಿನಲ್ಲಿ ಹಿಂದಿನ ದೀಪವಿಲ್ಲದ ಟ್ರೇಲರುಗಳು ಸಾಲುಗಟ್ಟಿ ನಿಂತಿರುವ ನಮ್ಮ ದಾರಿಗಳಲ್ಲಿ ಈ ಗಾಡಿಯನ್ನು ಕತ್ತಲಾದ ಮೇಲೆ ಹೊರಗೆ ತೆಗೆಯಬೇಡಿ.

ಕಿಕ್ ಹೊಡೆಯುವಾಗ ಗಟ್ಟಿ ಅಡಿಯ ಶೂ ಇರಲಿ. ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟಿನ ಟೈಮಿಂಗ್ ಮುಂದೆ ಹೋಗಿದ್ದರೆ ಕಿಕ್ ತಿರುಗಿ ಹೊಡೆಯುತ್ತದೆ, ಹದಿನೆಂಟರ ಮೊಣಕಾಲು ತಡೆದದ್ದನ್ನು ಐವತ್ತೇಳರ ಮೊಣಕಾಲು ತಡೆಯದು. ಒಮ್ಮೆ ತಿರುಗಿ ಹೊಡೆದರೂ ಮತ್ತೆ ಕಿಕ್ ಮಾಡದೆ ಟೈಮಿಂಗ್ ಸರಿಮಾಡಿಸಿ. ಬಾದಾಮಿಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿಯಬೇಡಿ. ಈ ಗಾಡಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆ. ಪೆಟ್ರೋಲ್ ಮುಚ್ಚಿದರೆ ಚಕ್ರ ತಿರುಗಿಸುತ್ತಿರುವ ಪಿಸ್ಟನ್ ಒಣಗುತ್ತದೆ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ರೇಸ್ ಮಾಡಿ, ಇಲ್ಲವೇ ಕ್ಲಚ್ ಹಿಡಿದೇ ಇಳಿಸಿ.

ಹೊಸ ಬೋರ್ ಆದ ಮೇಲೆ ಮೊದಲ 500 ಕಿಲೋಮೀಟರ್ ಅರ್ಧ ಆಕ್ಸಿಲರೇಟರ್ ದಾಟಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಆರಲು ಬಿಡಿ. ಮೊದಲ ಕೆಲವು ಸವಾರಿಗಳ ನಂತರ ಪ್ಲಗ್ ಬಿಚ್ಚಿ ನೋಡಿ. ಕಾಫಿ ಪುಡಿಯ ಬಣ್ಣವಿದ್ದರೆ ಸರಿಯಾಗಿದೆ. ಕಪ್ಪು, ಜಿಡ್ಡು ಇದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚು, ಅವಸರವಿಲ್ಲ. ಬಿಳಿಯಾಗಿದ್ದರೆ ಮಾತ್ರ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಮನೆಗೂ ಓಡಿಸಿಕೊಂಡು ಬರಬೇಡಿ. ಟೆಂಪೊದಲ್ಲಿ ಹಾಕಿಸಿ ತಂದು, ಜೆಟ್ ಮತ್ತು ಸೀಲುಗಳನ್ನು ಮತ್ತೆ ನೋಡಿಸಿದ ಮೇಲೆಯೇ ಸ್ಟಾರ್ಟ್ ಮಾಡಿ.